ಹುಡುಗ ಅಷ್ಟು ಚೆನ್ನಾಗಿ ಹೊಡೀತಿದ್ರೂ ಮೇಲಕ್ಕೆ ಯಾಕೆ ಕರೆಯಲ್ಲ? ಒಂದು ದಿನದ ಲೆಕ್ಕ

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆ ಕಡೆಯವ್ರು, ಎರಡು ವರ್ಷದಿಂದ ಅಮೆರಿಕಾದ ಅಯೋವಾ ರಾಜ್ಯದ ಡಿಮೊಯ್ನ್‌ನಲ್ಲಿದೀವಿ. ಮಗನಿಗೆ 11 ವರ್ಷ, ಬೇಸ್‌ಬಾಲ್ ಹುಚ್ಚು ಹಿಡಿದುಬಿಟ್ಟಿದೆ, ಇಲ್ಲಿನ ಪ್ರಿನ್ಸಿಪಲ್ ಪಾರ್ಕಲ್ಲಿ ಅಯೋವಾ ಕಬ್ಸ್ ಮ್ಯಾಚ್ ಇದ್ರೆ ಕರ್ಕೊಂಡು ಹೋಗಲೇಬೇಕು. ಅವನಿಗೆ ಇಷ್ಟದ ಆಟಗಾರ ಒಬ್ಬ ಇದಾನೆ, ಚಿಕ್ಕ ಹುಡುಗ, ಸಿಕ್ಕಾಪಟ್ಟೆ ಹೋಮ್ ರನ್ ಹೊಡೀತಾನೆ, ಆದ್ರೂ ಶಿಕಾಗೋದ ದೊಡ್ಡ ಟೀಮಿಗೆ ಕರೀತಾನೇ ಇಲ್ಲ. ಕೇಳಿದ್ರೆ ಫೀಲ್ಡಿಂಗ್ ಇನ್ನೂ ಸುಧಾರಿಸ್ಬೇಕು ಅಂತಾರಂತೆ. ನಮ್ಮನೆಯವರು "ರಣಜಿ ಇಂದ ಇಂಡಿಯಾ ಟೀಮಿಗೆ ಹೋದಂಗೆ ಕಣೋ, ಟೈಮ್ ಹಿಡಿಯುತ್ತೆ" ಅಂತ ಮಗನಿಗೆ ಸಮಾಧಾನ ಮಾಡ್ತಾರೆ. ನಿಜವಾಗ್ಲೂ ಫೀಲ್ಡಿಂಗೇ ಕಾರಣನಾ, ಇಲ್ಲ ಒಳಗೊಳಗೆ ಬೇರೆ ಏನಾದ್ರೂ ಇದ್ಯಾ?

ಉತ್ತರ: ಮೇಡಂ, ನಿಮ್ಮ ಮಗ ಕೇಳಿರೋದು ದೊಡ್ಡ ದೊಡ್ಡ ಲಾಯರ್‌ಗಳು ವರ್ಷಗಟ್ಟಲೆ ವಾದ ಮಾಡಿರೋ ಪ್ರಶ್ನೆ. ತಮಾಷೆ ಏನಂದ್ರೆ ಆ ಜಗಳದಲ್ಲಿ ಎಲ್ರೂ ಹೆಸರು ಹೇಳೋ ಕೇಸ್ ಇದ್ಯಲ್ಲ, ಅದರಲ್ಲಿ ಸಿಕ್ಕಿಹಾಕ್ಕೊಂಡಿದ್ದ ಹುಡುಗ ಆಡ್ತಿದ್ದಿದ್ದೂ ನಿಮ್ಮೂರಿನ ಅಯೋವಾ ಕಬ್ಸ್‌ಗೇ, ಸೆಂಟರ್ ಫೀಲ್ಡ್ ಆಚೆ ಕ್ಯಾಪಿಟಲ್ ಕಟ್ಟಡದ ಚಿನ್ನದ ಗುಮ್ಮಟ ಕಾಣತ್ತಲ್ಲ, ಅದೇ ಗ್ರೌಂಡಿನ ಟೀಮು, ಶಿಕಾಗೋ ಕಬ್ಸ್‌ಗೆ ಹುಡುಗರನ್ನ ತಯಾರು ಮಾಡೋ ಕೆಳಗಿನ ಟೀಮು. ಹಾಗಾಗಿ ನಾನು ಅವನಿಂದಾನೇ ಶುರು ಮಾಡ್ತೀನಿ. ನಿಮ್ಮ ಮಗನ ಫೇವರಿಟ್ ಯಾರು ಅಂತ ನೀವು ಬರ್ದಿಲ್ಲ, ಹೇಳಿದ್ರೂ ಅವನನ್ನ ಯಾವಾಗ ಕರೀತಾರೆ ಅಂತ ಶಿಕಾಗೋ ಆಫೀಸಲ್ಲಿ ಕೂತಿರೋರಿಗೆ ಬಿಟ್ರೆ ಯಾರಿಗೂ ಹೇಳಕ್ಕಾಗಲ್ಲ. ಆದ್ರೆ ಅವರು ಯಾವ ಲೆಕ್ಕ ಹಾಕ್ತಿರ್ತಾರೆ ಅನ್ನೋದನ್ನ ಹೇಳಬಹುದು.

ಹುಡುಗನ ಹೆಸರು ಕ್ರಿಸ್ ಬ್ರಯಂಟ್. 2013ರ ಡ್ರಾಫ್ಟಲ್ಲಿ, ಅಂದ್ರೆ ಕ್ಲಬ್ಬುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದ್ರಲ್ಲಿ, ಎರಡನೇ ನಂಬರಲ್ಲಿ ಶಿಕಾಗೋ ಕಬ್ಸ್ ತಗೊಂಡಿದ್ದು, ಸೈನ್ ಮಾಡಿದಾಗ್ಲೇ ಕೈಗೆ 67 ಲಕ್ಷ ಡಾಲರ್ ಬಂದಿತ್ತು, ಅಂದ್ರೆ ಇವನು ಯಾರೋ ಏನೋ ಅಂತ ಕ್ಲಬ್ಬಿಗೆ ಡೌಟೇ ಇರ್ಲಿಲ್ಲ. 2015ರ ಮಾರ್ಚಲ್ಲಿ ಸ್ಪ್ರಿಂಗ್ ಟ್ರೇನಿಂಗು, ಅಂದ್ರೆ ಸೀಸನ್ನಿಗೆ ಮುಂಚಿನ ತಯಾರಿ ಮ್ಯಾಚುಗಳು, ಅದ್ರಲ್ಲಿ ಈ ಹುಡುಗ 9 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದ. ಆ ವರ್ಷ 30 ಟೀಮುಗಳ ಎಲ್ಲಾ ಆಟಗಾರರನ್ನ ಸೇರಿಸಿ ನೋಡಿದ್ರೂ ಅವನಿಗಿಂತ ಜಾಸ್ತಿ ಯಾರೂ ಹೊಡೆದಿರ್ಲಿಲ್ಲ. ಶಿಕಾಗೋ ಪೂರ್ತಿ ಇದೇ ಮಾತು, ನಮ್ಮ ಆಫೀಸಿನ ಕಾಫಿ ಮೆಷಿನ್ ಹತ್ರಾನೂ ಇದೇ. ಸೀಸನ್ ಶುರು ಆಗೋಕೆ ಕೆಲವು ದಿನ ಇರೋವಾಗ ಕಬ್ಸ್‌ನವ್ರು ಅವನನ್ನ ಕೆಳಗೆ ಡಿಮೊಯ್ನ್‌ಗೆ ಕಳಿಸಿಬಿಟ್ರು. ಕಾರಣ? ಥರ್ಡ್ ಬೇಸಲ್ಲಿ ಫೀಲ್ಡಿಂಗ್ ಇನ್ನೂ ಪಳಗಬೇಕು. ಈಗ ನೀವು ಕೇಳ್ತಿರೋದೂ ಇದೇ ಮಾತು, ನಾವು ಆಗ ಕೇಳಿದ್ದೂ ಇದೇ ಮಾತು.

ಮೊದಲ ಮ್ಯಾಚ್ ಏಪ್ರಿಲ್ 5ಕ್ಕೆ. ಬ್ರಯಂಟ್‌ನ ಮೇಲಕ್ಕೆ ಕರೆದಿದ್ದು ಏಪ್ರಿಲ್ 17ಕ್ಕೆ. ಹನ್ನೆರಡು ದಿನದಲ್ಲಿ ಫೀಲ್ಡಿಂಗ್ ಪಳಗಿಬಿಡ್ತಾ? ಕ್ಲಬ್ಬಿನವ್ರು ಥರ್ಡ್ ಬೇಸಲ್ಲಿ ಆಡ್ತಿದ್ದ ಮೈಕ್ ಓಲ್ಟ್‌ಗೆ ಗಾಯ ಆಯ್ತು, ಅದಕ್ಕೇ ಕರೆದ್ವಿ ಅಂದ್ರು, ಗಾಯ ಆಗಿದ್ದೇನೋ ನಿಜಾನೇ. ಆದ್ರೆ ಒಂದು ಕ್ಯಾಲೆಂಡರ್ ತಗೊಳಿ, ಮಗನ್ನೂ ಪಕ್ಕಕ್ಕೆ ಕೂರಿಸ್ಕೊಳಿ, ಅವನಿಗೆ ಗಣಿತದ ಪ್ರಾಕ್ಟೀಸೂ ಆಗತ್ತೆ. ಏಪ್ರಿಲ್ 17ರಿಂದ 30ರ ತನಕ 14 ದಿನ. ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30, ಸೀಸನ್ ಮುಗಿದಿದ್ದು ಅಕ್ಟೋಬರ್ 4ಕ್ಕೆ, ಅಲ್ಲಿಗೆ ಇನ್ನೊಂದು 4. ಕೂಡಿಸಿ. 171 ಬರತ್ತೆ.

ಮೇಜರ್ ಲೀಗ್‌ನಲ್ಲಿ, ಅಂದ್ರೆ ಮೇಲಿನ ಆ 30 ಟೀಮುಗಳ ಲೀಗಲ್ಲಿ, 172 ದಿನ ಇದ್ರೆ ಅದು ಒಂದು ಪೂರ್ತಿ ವರ್ಷದ ಸರ್ವಿಸ್. 171 ಇದ್ರೆ ಅಲ್ಲ!

ಇಷ್ಟೇ ಸಮಾಚಾರ. ಒಂದೇ ಒಂದು ದಿನ ಮುಂಚೆ, ಏಪ್ರಿಲ್ 16ಕ್ಕೆ ಕರೆದಿದ್ರೆ ಆ ಹುಡುಗನಿಗೆ ಪೂರ್ತಿ ವರ್ಷ ಸಿಕ್ಕಿರೋದು. ಇದು ಯಾಕೆ ಅಷ್ಟು ಮುಖ್ಯ ಅಂದ್ರೆ ಇಲ್ಲಿ ಆಟಗಾರ ಆರು ವರ್ಷ ಸರ್ವಿಸ್ ಮುಗಿಸೋ ತನಕ ಅವನು ಆ ಕ್ಲಬ್ಬಿನ ಸೊತ್ತು ಇದ್ದಂಗೆ, ಬೇರೆ ಯಾರೂ ಅವನಿಗೆ ರೇಟ್ ಕಟ್ಟಂಗಿಲ್ಲ. ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ, ಕ್ಲಬ್ ಕೊಟ್ಟಿದ್ದೇ ಪ್ರಸಾದ. ಆಮೇಲೆ ಮೂರು ವರ್ಷ ಆರ್ಬಿಟ್ರೇಷನ್, ಅಂದ್ರೆ ಹುಡುಗ ಒಂದು ಅಂಕಿ ಕೇಳ್ತಾನೆ, ಕ್ಲಬ್ ಒಂದು ಅಂಕಿ ಹೇಳತ್ತೆ, ಮಾತಲ್ಲಿ ಬಗೆಹರೀಲಿಲ್ಲ ಅಂದ್ರೆ ಪಂಚರು ಕೂತು ಎರಡರಲ್ಲಿ ಒಂದನ್ನ ಎತ್ತಿ ಹಿಡೀತಾರೆ, ನಡುವೆ ಒಂದು ರೇಟ್ ಹೇಳೋ ಹಾಗಿಲ್ಲ. ಆರು ವರ್ಷ ಮುಗಿದ್ಮೇಲೆ ಫ್ರೀ ಏಜೆಂಟ್, ಮೂವತ್ತು ಟೀಮಲ್ಲಿ ಯಾರ ಹತ್ರ ಬೇಕಾದ್ರೂ ಹೋಗಿ ಕೋಟಿಗಟ್ಟಲೆ ಡಾಲರ್ ಮಾತಾಡಬಹುದು. ಮೊದಲ ವರ್ಷ 171 ದಿನಕ್ಕೆ ನಿಂತ್ರೆ ಅದು ಲೆಕ್ಕಕ್ಕೆ ಅರೆಬರೆ ವರ್ಷ, ಹಾಗಾಗಿ ಕ್ಲಬ್ಬಿಗೆ ಆರರ ಬದಲು ಹತ್ತಿರತ್ತಿರ ಏಳು ಸೀಸನ್ ಅವನ ಆಟ ಸಿಗತ್ತೆ. ಏಪ್ರಿಲಲ್ಲಿ ಎರಡು ವಾರ ಬಿಟ್ಟುಕೊಟ್ರೆ ಮುಂದೆ ಅವನು ಒಳ್ಳೇ ಫಾರ್ಮಲ್ಲಿರೋವಾಗ ಇಡೀ ಒಂದು ವರ್ಷ ಸಿಗತ್ತೆ. ವ್ಯಾಪಾರ ಗೊತ್ತಿರೋ ಯಾರಿಗೆ ಕೇಳಿದ್ರೂ ಮಾಡ್ರಿ ಅಂತಾರೆ, ಅದಕ್ಕೇ ಸಿಟ್ಟು ಬರೋದು.

ಆಟಗಾರರ ಯೂನಿಯನ್ ದೂರು ಹಾಕ್ತು. ಅದು ಎಳೆದೂ ಎಳೆದೂ 2020ರ ಜನವರಿಗೆ ತೀರ್ಪು ಬಂತು, ಕ್ಲಬ್ಬಿನ ಪರವಾಗಿ. ಅಷ್ಟರಲ್ಲಿ ಬ್ರಯಂಟ್ 2015ರ ರೂಕಿ ಆಫ್ ದ ಇಯರ್, ಅಂದ್ರೆ ವರ್ಷದ ಅತ್ಯುತ್ತಮ ಹೊಸ ಆಟಗಾರ, ಆಗಿದ್ದ, ಅದೂ ಒಂದು ವೋಟೂ ಬೇರೆಯವರಿಗೆ ಹೋಗದೆ, 2016ರಲ್ಲಿ ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ಎಂವಿಪಿ, ಅಂದ್ರೆ ಅತ್ಯುತ್ತಮ ಆಟಗಾರ, ಆಗಿದ್ದ, ಅದೇ ವರ್ಷ ಕಬ್ಸ್ 1908ರ ನಂತರ ಮೊದಲ ಸಲ ವರ್ಲ್ಡ್ ಸೀರೀಸ್, ಅಂದ್ರೆ ಸೀಸನ್ನಿನ ಫೈನಲ್, ಗೆದ್ದಿತ್ತು. ಆ ಗೆದ್ದ ರಾತ್ರಿ ನಮ್ಮ ಬೀದೀಲಿ ವಯಸ್ಸಾದ ಪಕ್ಕದ್ಮನೆಯವರು ಪೈಜಾಮದಲ್ಲೇ ಹೊರಗೆ ಬಂದು ಅಳ್ತಾ ನಿಂತಿದ್ರು, ಅದನ್ನ ನೋಡಿದ್ಮೇಲೆ ನನಗೂ ಈ ಆಟ ರಕ್ತಕ್ಕೆ ಸೇರಿಹೋಯ್ತು. ಅದಿರ್ಲಿ.

ಕಬ್ಸ್‌ಗೆ ಆ ಹನ್ನೆರಡು ದಿನದಿಂದ ಕೊನೆಗೆ ಏನು ಸಿಕ್ತು ಅಂತ ನೋಡಿದ್ರೆ ಇನ್ನೂ ಮಜಾ. ನ್ಯಾಯವಾಗಿ 2020ಕ್ಕೆ ಫ್ರೀ ಆಗ್ಬೇಕಿದ್ದವನು 2021ರ ತನಕ ಇವ್ರ ಕೈಯಲ್ಲಿದ್ದ. ಆ ಹೆಚ್ಚುವರಿ ವರ್ಷದ ಜುಲೈಯಲ್ಲಿ ಅವನನ್ನ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಕೊಟ್ಟು ಬದಲಿಗೆ ಇಬ್ಬರು ಎಳೇ ಹುಡುಗರನ್ನ ತಗೊಂಡ್ರು. ಅಂದ್ರೆ ಅಷ್ಟು ಕೆಟ್ಟ ಹೆಸರು ತಗೊಂಡು ಉಳಿಸಿಕೊಂಡ ವರ್ಷದಲ್ಲಿ ನಾಲ್ಕು ತಿಂಗಳು ಆಡಿಸಿ ಮಾರಿಬಿಟ್ರು. ಇನ್ನೊಂದು ವಿಷಯ ಜನ ಮರೀತಾರೆ, 2015ರಲ್ಲಿ ಕಬ್ಸ್ 97 ಮ್ಯಾಚ್ ಗೆದ್ದೂ ಡಿವಿಷನ್, ಅಂದ್ರೆ ತಮ್ಮ ಗುಂಪಿನ ಮೊದಲ ಸ್ಥಾನ, ಸಿಗಲಿಲ್ಲ, ಸೇಂಟ್ ಲೂಯಿಸ್ 100 ಗೆದ್ದಿತ್ತು. ಏಪ್ರಿಲಿನ ಆ ಮ್ಯಾಚುಗಳಲ್ಲಿ ಅವನಿದ್ದಿದ್ರೆ ಅಂತ ನಾನು ಹೇಳಲ್ಲ, ಒಬ್ಬ ಆಟಗಾರ ಹತ್ತು ದಿನದಲ್ಲಿ ಮೂರು ಮ್ಯಾಚ್ ಗೆಲ್ಲಿಸಿಕೊಡಲ್ಲ. ಆದ್ರೆ ಆ ಎರಡು ವಾರ ಪುಕ್ಕಟೆ ಅಂತ ಹೇಳೋರು ಟಿಕೆಟ್ ತಗೊಂಡು ಕೂತಿದ್ದ ಜನರನ್ನ ಲೆಕ್ಕಕ್ಕೇ ತಗೊಂಡಿಲ್ಲ ಅಂತ ಮಾತ್ರ ಹೇಳ್ತೀನಿ.

ಈ ಆರು ವರ್ಷ ಅನ್ನೋದು ಎಲ್ಲಿಂದ ಬಂತು ಅಂತ ಒಂದೆರಡು ಮಾತು. 1975ರ ತನಕ ಆರು ವರ್ಷಾನೂ ಇರ್ಲಿಲ್ಲ, ಜೀವನ ಪೂರ್ತಿ ಕ್ಲಬ್ಬಿನ ಆಳು, ಕ್ಲಬ್ ಮಾರಿದ್ರೆ ಮಾತ್ರ ಬೇರೆ ಕಡೆ. ಆ ವರ್ಷದ ಡಿಸೆಂಬರಲ್ಲಿ ಮೆಸ್ಸರ್‌ಸ್ಮಿತ್, ಮೆಕ್‌ನ್ಯಾಲಿ ಅಂತ ಇಬ್ಬರು ಪಿಚರ್‌ಗಳ (ಬಾಲ್ ಎಸೆಯೋರು) ಕೇಸಲ್ಲಿ ಪೀಟರ್ ಸೈಟ್ಜ್ ಅನ್ನೋ ಪಂಚರು ಇದು ನಡೆಯಲ್ಲ ಅಂತ ತೀರ್ಪು ಕೊಟ್ರು, ಮುಂದಿನ ವರ್ಷ ಯೂನಿಯನ್ನೂ ಮಾಲೀಕರೂ ಕೂತು ಆರು ವರ್ಷ ಅಂತ ಒಪ್ಪಂದ ಮಾಡ್ಕೊಂಡ್ರು. ಇವತ್ತಿಗೂ ಅದೇ ಆರು. ಹಾಗಾಗಿ ಕಬ್ಸ್ ಮಾಡಿದ್ದು ರೂಲ್ ಮುರಿದಿದ್ದಲ್ಲ, ರೂಲ್‌ನ ಅಂಚಿನ ಮೇಲೆ ನಿಂತ್ಕೊಂಡಿದ್ದು.

ಈಗ ನಿಮ್ಮನೆಯವರ ರಣಜಿ ಹೋಲಿಕೆಗೆ ಬರ್ತೀನಿ. ಕಾಯೋ ಸಂಕಟ ಒಂದೇ, ಕಾರಣ ಬೇರೆ. ನಮ್ಮ ಮಯಾಂಕ್ ಅಗರ್ವಾಲ್ 2017ರ ನವೆಂಬರ್ ಒಂದೇ ತಿಂಗಳಲ್ಲಿ ಕರ್ನಾಟಕಕ್ಕೆ ಸಾವಿರಕ್ಕಿಂತ ಜಾಸ್ತಿ ರನ್ ಹೊಡೆದು, ಟೆಸ್ಟ್ ಕ್ಯಾಪ್ ಹಾಕ್ಕೊಂಡಿದ್ದು 2018ರ ಡಿಸೆಂಬರಲ್ಲಿ ಮೆಲ್ಬರ್ನ್‌ನಲ್ಲಿ, ಒಂದು ವರ್ಷದ ಮೇಲಾಯ್ತು. ಆದ್ರೆ ಅಲ್ಲಿ ಸೆಲೆಕ್ಟರ್‌ಗಳು ಅವನನ್ನ ಲೇಟಾಗಿ ತಗೊಂಡ್ರೆ ಅವರಿಗೇನೂ ದುಡ್ಡು ಉಳಿಯಲ್ಲ, ಓಪನರ್ ಜಾಗ ಖಾಲಿ ಇರ್ಲಿಲ್ಲ ಅಷ್ಟೇ. ಇಲ್ಲಿ ಅಯೋವಾ ಟೀಮಲ್ಲಿ ಆಡೋ ಪ್ರಾಸ್ಪೆಕ್ಟ್, ಅಂದ್ರೆ ಮುಂದೆ ಬರ್ತಾರೆ ಅಂತ ನಂಬಿಕೆ ಇರೋ, ಹುಡುಗ್ರೂ ಶಿಕಾಗೋ ಕ್ಲಬ್ಬಿನ ಕಾಂಟ್ರಾಕ್ಟಲ್ಲೇ ಇರೋದು, ಸಂಬಳ ಕೊಡೋರೂ ಅವರೇ, ಕರೆಯೋರೂ ಅವರೇ, ತಡ ಮಾಡಿದ್ರೆ ಲಾಭ ಆಗೋದೂ ಅವರಿಗೇ. ಕಾಯಿಸೋನಿಗೇ ಕಾಯಿಸಿದ್ದರಿಂದ ಲಾಭ, ಇದೇ ವ್ಯತ್ಯಾಸ.

ಇಷ್ಟೆಲ್ಲಾ ಹೇಳಿದ್ಮೇಲೆ, ಹಾಗಾದ್ರೆ ಫೀಲ್ಡಿಂಗ್ ಅನ್ನೋದೆಲ್ಲಾ ಬರೀ ಸುಳ್ಳಾ ಅಂತ ಕೇಳ್ತೀರಿ. ಇಲ್ಲ. ಇಲ್ಲೇ ಜಾಸ್ತಿ ಜನ ಎಡವೋದು, ಬ್ರಯಂಟ್ ಕಥೆ ಕೇಳಿ ಎಲ್ಲಾ ಕ್ಲಬ್ಬುಗಳೂ ಕಳ್ರು ಅಂತ ತೀರ್ಮಾನ ಮಾಡಿಬಿಡ್ತಾರೆ. ಟ್ರಿಪಲ್-ಎ, ಅಂದ್ರೆ ಅಯೋವಾ ಕಬ್ಸ್ ಆಡೋ ಮಟ್ಟ, ಅಲ್ಲಿಂದ ಮೇಜರ್ ಲೀಗಿಗೆ ಮೆಟ್ಟಿಲು ಒಂದೇ, ಆದ್ರೆ ಅದರ ಎತ್ತರ ಕೆಳಗಿನ ಮೆಟ್ಟಿಲುಗಳ ಥರ ಅಲ್ಲ.

2024ರಲ್ಲಿ ಜ್ಯಾಕ್ಸನ್ ಹಾಲಿಡೇ ಅಂತ ಬಾಲ್ಟಿಮೋರ್ ಹುಡುಗ, 20 ವರ್ಷ, 2022ರ ಡ್ರಾಫ್ಟಲ್ಲಿ ನಂಬರ್ ಒನ್, ಅವರಪ್ಪ ಮ್ಯಾಟ್ ಹಾಲಿಡೇ ದೊಡ್ಡ ಆಟಗಾರ, ಅಂದ್ರೆ ಹುಟ್ಟಿದಾಗಿಂದ ಡ್ರೆಸ್ಸಿಂಗ್ ರೂಮಲ್ಲೇ ಬೆಳೆದವನು. ಏಪ್ರಿಲ್ 10ಕ್ಕೆ ಕರೆದ್ರು. ಹತ್ತು ಮ್ಯಾಚ್, 34 ಸಲ ಬ್ಯಾಟ್ ಹಿಡಿದು ಬರೀ 2 ಹಿಟ್ (ಬಾಲ್ ಹೊಡೆದು ಬೇಸ್ ತಲುಪೋದು), 18 ಸಲ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್ ಆಗಿ ಔಟ್). ತಿಂಗಳು ಮುಗಿಯೋ ಮುಂಚೆ ವಾಪಸ್ ಬಾಲ್ಟಿಮೋರ್‌ನ ಟ್ರಿಪಲ್-ಎ ಟೀಮು ನಾರ್ಫಕ್‌ಗೆ. ಅದಕ್ಕೂ ಮುಂಚೆ 2021ರಲ್ಲಿ ಸಿಯಾಟಲ್ ಟೀಮಿನ ಜ್ಯಾರೆಡ್ ಕೆಲೆನಿಕ್, ಊರೆಲ್ಲಾ ಅವನನ್ನ ಕರೀರಿ ಕರೀರಿ ಅಂತ ಗಲಾಟೆ ಮಾಡಿ ಮೇ 13ಕ್ಕೆ ಕರೆಸಿದ್ರು, ಪಾಪ 39 ಸಲ ಒಂದೂ ಹಿಟ್ ಇಲ್ಲದೆ ಔಟಾಗಿ ಜೂನ್ ಮೊದಲ ವಾರಕ್ಕೇ .096 ಆವರೇಜ್ (ನೂರು ಸಲಕ್ಕೆ ಹತ್ತು ಹಿಟ್ಟೂ ಇಲ್ಲ) ಇಟ್ಕೊಂಡು ಕೆಳಗೆ ಹೋದ.

ಯಾಕೆ ಹೀಗೆ? ಟ್ರಿಪಲ್-ಎ ಪಿಚರ್‌ಗೂ 95 ಮೈಲಿ ಸ್ಪೀಡಲ್ಲಿ ಎಸೆಯೋಕೆ ಬರತ್ತೆ, ಆದ್ರೆ ಬೇಕಾದ ಕಡೆ ಎಸೆಯೋಕೆ ಬರಲ್ಲ, ಅವನು ಅಲ್ಲಿರೋದೇ ಆ ಕಾರಣಕ್ಕೆ, ನಾಲ್ಕರಲ್ಲಿ ಒಂದು ಬಾಲ್ ಬ್ಯಾಟ್ ಹಿಡಿದವನ ಮುಂದಿನ ಹೋಮ್ ಪ್ಲೇಟಿನ ನಡುಮಧ್ಯಕ್ಕೆ ಬಂದುಬಿಡತ್ತೆ, ನಿಮ್ಮ ಮಗನ ಫೇವರಿಟ್ ಅದನ್ನ ಗೋಡೆ ದಾಟಿಸ್ತಾನೆ. ಮೇಲೆ ಆ ನಾಲ್ಕನೇ ಬಾಲ್ ಬರೋದೇ ಇಲ್ಲ. ಜೊತೆಗೆ ಅಲ್ಲಿ ಎದುರಾಳಿ ಟೀಮಲ್ಲಿ ಕಂಪ್ಯೂಟರ್ ಮುಂದೆ ಕೂತಿರೋರು ಈ ಹುಡುಗನಿಗೆ ಒಳಗೆ ಎತ್ತರಕ್ಕೆ ಹಾಕಿದ್ರೆ ಆಡಕ್ಕಾಗಲ್ಲ ಅಂತ ಒಂದು ವಾರದಲ್ಲಿ ಹುಡುಕಿಬಿಡ್ತಾರೆ, ಆಮೇಲೆ ಯಾವ ಊರಿಗೆ ಹೋದ್ರೂ ಅದೇ ಬಾಲು. ಅವನು ಅದಕ್ಕೆ ಉತ್ತರ ಕಂಡುಕೊಂಡ್ರೆ ಉಳೀತಾನೆ. ಬ್ರಯಂಟ್‌ಗೂ ಸುಲಭ ಆಗಿರ್ಲಿಲ್ಲ ನೋಡಿ, ಶಿಕಾಗೋ ಕಬ್ಸ್‌ನ ಗ್ರೌಂಡು ರಿಗ್ಲಿ ಫೀಲ್ಡಲ್ಲಿ ಮೊದಲ ದಿನ ನಾಲ್ಕು ಸಲ ಬಂದು ಮೂರು ಸಲ ಸ್ಟ್ರೈಕ್ ಔಟು, ಮಾರ್ಚಲ್ಲಿ 9 ಹೋಮ್ ರನ್ ಹೊಡೆದವನ ಮೊದಲ ನಿಜವಾದ ಹೋಮ್ ರನ್ ಬಂದಿದ್ದು ಮೇ 9ಕ್ಕೆ. ಹಾಲಿಡೇನೂ ಜುಲೈ 31ಕ್ಕೆ ವಾಪಸ್ ಬಂದ ದಿನವೇ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ, ಮೂರು ಬೇಸೂ ತುಂಬಿರೋವಾಗ ಹೋಮ್ ರನ್, ಒಂದೇ ಹೊಡೆತಕ್ಕೆ ನಾಲ್ಕು ರನ್ನು. ಹಾಗಾಗಿ ಕೆಳಗೆ ಕಳಿಸಿದ್ರು ಅಂದ ತಕ್ಷಣ ಹುಡುಗನ ಕಥೆ ಮುಗೀತು ಅಂತ ನಿಮ್ಮ ಮಗ ಅಳಬೇಕಾಗಿಲ್ಲ.

ಕೆಲೆನಿಕ್ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡ್ತೀನಿ. 2021ರ ಫೆಬ್ರವರಿಯಲ್ಲಿ ಸಿಯಾಟಲ್ ಕ್ಲಬ್ಬಿನ ಪ್ರೆಸಿಡೆಂಟ್ ಕೆವಿನ್ ಮಾದರ್ ಒಂದು ರೋಟರಿ ಕ್ಲಬ್ ಜನರ ಜೊತೆ ವಿಡಿಯೋ ಕಾಲಲ್ಲಿ ಮಾತಾಡ್ತಾ, ಹುಡುಗರನ್ನ ಸರ್ವಿಸ್ ಟೈಮ್ ಲೆಕ್ಕಕ್ಕೇ ಮೇಲೆ ತರ್ಲಿಲ್ಲ, ಕೆಲೆನಿಕ್‌ಗೆ ಲಾಂಗ್ ಕಾಂಟ್ರಾಕ್ಟ್ ಕೊಡ್ತೀವಿ ಅಂದ್ವಿ ಅವನು ಒಪ್ಪಲಿಲ್ಲ, ಅಂತೆಲ್ಲಾ ಸಲೀಸಾಗಿ ಹೇಳಿಬಿಟ್ರು. ಎಲ್ಲಾ ಕ್ಲಬ್ಬಿನವ್ರೂ ಬಾಗಿಲು ಹಾಕ್ಕೊಂಡು ಆಡೋ ಮಾತು ಅವತ್ತು ಬಾಗಿಲು ತೆಗೆದು ಆಡಿದ್ದು. ಅದರ ಜೊತೆ ಬೇರೆ ದೇಶದ ಆಟಗಾರರ ಇಂಗ್ಲಿಷ್ ಬಗ್ಗೆನೂ ಕೀಳಾಗಿ ಮಾತಾಡಿದ್ರು. ವಿಡಿಯೋ ಹೊರಗೆ ಬಂದ ಮಾರನೇ ದಿನಕ್ಕೆ ರಾಜೀನಾಮೆ. ಅಷ್ಟಾದ್ಮೇಲೆ ಕೆಲೆನಿಕ್ ಬಂದು ಫೇಲ್ ಆದ. ಒಂದೇ ಹುಡುಗನ ವಿಷಯದಲ್ಲಿ ಕ್ಲಬ್ ದುಡ್ಡಿನ ಲೆಕ್ಕ ಹಾಕಿದ್ದೂ ನಿಜ, ಹುಡುಗ ಇನ್ನೂ ರೆಡಿ ಇರ್ಲಿಲ್ಲ ಅನ್ನೋದೂ ನಿಜ, ಎರಡೂ ಒಟ್ಟಿಗೆ ನಿಜ ಆಗಬಹುದು ನೋಡಿ.

2021ರ ಡಿಸೆಂಬರಲ್ಲಿ ಮಾಲೀಕರು ಆಟಗಾರರನ್ನ ಹೊರಗಿಟ್ಟು ಬಾಗಿಲು ಹಾಕಿ, ಜಗಳ ಆಡಿ, ಕೊನೆಗೆ 2022ರ ಮಾರ್ಚಲ್ಲಿ ಹೊಸ ಒಪ್ಪಂದ ಆದಾಗ ಈ ಹನ್ನೆರಡು ದಿನದ ಆಟಕ್ಕೆ ಒಂದಷ್ಟು ಮೂಗುದಾರ ಹಾಕಿದ್ರು. ಒಂದು, ಯಾವಾಗ ಕರೆದ್ರೂ ಸರಿ, ದೊಡ್ಡ ಪ್ರಾಸ್ಪೆಕ್ಟ್ ಲಿಸ್ಟುಗಳಲ್ಲಿ ಹೆಸರಿರೋ ಹುಡುಗ ರೂಕಿ ಆಫ್ ದ ಇಯರ್ ವೋಟಿಂಗಲ್ಲಿ ಮೊದಲ ಎರಡು ಸ್ಥಾನದಲ್ಲಿ ಬಂದ್ರೆ ಅವನಿಗೆ ಪೂರ್ತಿ ವರ್ಷದ ಸರ್ವಿಸ್ ಕೊಟ್ಟುಬಿಡ್ತಾರೆ. ಇನ್ನೊಂದು, ಅಂಥ ಹುಡುಗನನ್ನ ಮೊದಲ ದಿನದಿಂದಲೇ ಆಡಿಸಿ ಅವನು ಆ ಅವಾರ್ಡ್ ಗೆದ್ರೆ ಕ್ಲಬ್ಬಿಗೆ ಡ್ರಾಫ್ಟಲ್ಲಿ ಇನ್ನೊಂದು ಒಳ್ಳೇ ಪಿಕ್ ಸಿಗತ್ತೆ. ಬೈದು ಬುದ್ಧಿ ಹೇಳೋ ಬದಲು ಚಾಕೊಲೇಟ್ ತೋರಿಸಿದ್ದು. ಮೊದಲನೇ ವರ್ಷವೇ ಸಿಯಾಟಲ್ ಹೂಲಿಯೋ ರೋಡ್ರಿಗೆಜ್‌ನ ಮೊದಲ ದಿನದಿಂದ ಆಡಿಸಿ ಪಿಕ್ ತಗೊಂಡ್ತು, ಹೌದು ಅದೇ ಸಿಯಾಟಲ್. ಬಾಲ್ಟಿಮೋರ್ ಗನ್ನರ್ ಹೆಂಡರ್ಸನ್‌ಗೆ, ಅರಿಜೋನಾ ಕಾರ್ಬಿನ್ ಕ್ಯಾರಲ್‌ಗೆ ಹೀಗೇ ತಗೊಂಡ್ರು.

ಆ ಕಡೆ 2024ರಲ್ಲಿ ಪಿಟ್ಸ್‌ಬರ್ಗ್‌ನವ್ರು ಪಾಲ್ ಸ್ಕೀನ್ಸ್ ಅನ್ನೋ ಪಿಚರ್‌ನ ಮೇ 11ರ ತನಕ ಕೆಳಗೇ ಇಟ್ಕೊಂಡ್ರು. ಹುಡುಗ ಬಂದವನೇ ಎಲ್ರನ್ನೂ ಉಡೀಸ್ ಮಾಡಿ ಆ ವರ್ಷದ ಆಲ್ ಸ್ಟಾರ್ ಮ್ಯಾಚಲ್ಲಿ ನ್ಯಾಷನಲ್ ಲೀಗ್ ಕಡೆಯ ಮೊದಲ ಪಿಚರ್ ಆದ, ರೂಕಿ ಆಫ್ ದ ಇಯರ್ ಗೆದ್ದ, ಪೂರ್ತಿ ವರ್ಷದ ಸರ್ವಿಸ್ ಅವನ ಪಾಲಾಯ್ತು. ಕ್ಲಬ್ಬಿಗೆ ವರ್ಷಾನೂ ಉಳೀಲಿಲ್ಲ, ಪಿಕ್ಕೂ ಸಿಗಲಿಲ್ಲ. ನಾನು ಅವತ್ತು ಸ್ವಲ್ಪ ನಕ್ಕೆ ಅಂತ ಒಪ್ಕೋತೀನಿ. ಹಾಗಂತ ಆಟ ನಿಂತಿಲ್ಲ, ಲಿಸ್ಟಲ್ಲಿ ಇಲ್ಲದ ಹುಡುಗರಿಗೆ ಈ ರೂಲ್‌ನಿಂದ ಏನೂ ಇಲ್ಲ, ಏಪ್ರಿಲ್ ಮಧ್ಯ ಬಂತು ಅಂದ್ರೆ ಈಗ್ಲೂ ಒಂದಷ್ಟು ಹುಡುಗರ ಫೀಲ್ಡಿಂಗ್ ಇದ್ದಕ್ಕಿದ್ದಂಗೆ ಸುಧಾರಿಸತ್ತೆ. ಈ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರ ತನಕ.

ಕೆಲವು ಕ್ಲಬ್ಬುಗಳು ಬೇರೆ ದಾರಿ ಹಿಡೀತವೆ. ಮಿಲ್ವಾಕಿಯವ್ರು 2023ರ ಡಿಸೆಂಬರಲ್ಲಿ ಜ್ಯಾಕ್ಸನ್ ಚೂರಿಯೋ ಅನ್ನೋ 19 ವರ್ಷದ ಹುಡುಗನಿಗೆ, ಮೇಜರ್ ಲೀಗಲ್ಲಿ ಒಂದೂ ಮ್ಯಾಚ್ ಆಡದೇ ಇರೋನಿಗೆ, 8 ವರ್ಷಕ್ಕೆ 8 ಕೋಟಿ 20 ಲಕ್ಷ ಡಾಲರ್ ಕೊಟ್ಟು ಸೈನ್ ಮಾಡಿಸ್ಕೊಂಡ್ರು. ಆಮೇಲೆ ದಿನ ಎಣಿಸೋ ಕೆಲಸಾನೇ ಇಲ್ಲ, ಮುಂದಿನ ಸೀಸನ್ ಮೊದಲ ದಿನವೇ ಮೈದಾನಕ್ಕೆ. ಹುಡುಗನಿಗೆ ನಷ್ಟ ಅಂತಾರೆ ಕೆಲವರು, ಇನ್ನೂ ಜಾಸ್ತಿ ಸಿಗ್ತಿತ್ತು ಅಂತ. 19 ವರ್ಷಕ್ಕೆ ಅಷ್ಟು ದುಡ್ಡು ಬೇಡ ಅನ್ನೋ ಧೈರ್ಯ ನನಗಂತೂ ಇರ್ತಿರ್ಲಿಲ್ಲ.

ಇನ್ನು ನಿಮ್ಮ ಹುಡುಗನ ಕೇಸಿಗೆ. ಫೀಲ್ಡಿಂಗೂ ಅಲ್ಲ, ದುಡ್ಡೂ ಅಲ್ಲ, ಜಾಗ ಇಲ್ಲ ಅನ್ನೋ ಕಾರಣಾನೂ ಇರಬಹುದು, ಸುಮಾರು ಸಲ ಇರೋದು ಇದೇ, ಇದನ್ನ ಯಾರೂ ಸುದ್ದಿ ಮಾಡಲ್ಲ. ಮೇಲಿನ ಟೀಮಲ್ಲಿ ಆಡಕ್ಕೆ ರೆಡಿ ಇರೋರು 26 ಜನ. ಅದರ ಹಿಂದೆ 40 ಜನರ ಲಿಸ್ಟ್ ಒಂದಿದೆ, ಅದ್ರಲ್ಲಿ ಹೆಸರಿಲ್ಲದೆ ಮೇಲೆ ಬರಂಗಿಲ್ಲ. ಟ್ರಿಪಲ್-ಎ ಹುಡುಗರಲ್ಲಿ ಕೆಲವರ ಹೆಸರು ಆ 40ರಲ್ಲಿ ಆಗ್ಲೇ ಇರತ್ತೆ, ಅವರನ್ನ ಆಪ್ಷನ್ ಮೇಲೆ ಕೆಳಗೆ ಕಳಿಸಿರ್ತಾರೆ, ಮೇಲೆ ಕೆಳಗೆ ಓಡಾಡಿಸೋದು ಸುಲಭ. ಹೆಸರಿಲ್ಲ ಅಂದ್ರೆ, ಲಿಸ್ಟ್ ತುಂಬಿದ್ರೆ, ಅವನನ್ನ ಸೇರಿಸೋಕೆ ಇನ್ನೊಬ್ಬನ ಹೆಸರು ತೆಗೀಬೇಕು. ಆ ಇನ್ನೊಬ್ಬನನ್ನ ಏಳು ದಿನದೊಳಗೆ ಬೇರೆ ಟೀಮಿಗೆ ಕೊಡ್ಬೇಕು, ಇಲ್ಲ ಬಿಡಬೇಕು, ಇಲ್ಲ ಉಳಿದ 29 ಕ್ಲಬ್ಬುಗಳು ಬೇಡ ಅಂದ್ಮೇಲೆ ಕೆಳಗೆ ಕಳಿಸ್ಬೇಕು. ಸಾಮಾನ್ಯವಾಗಿ ಅವನು ಮೂವತ್ತು ದಾಟಿದ, ಇಬ್ಬರು ಮಕ್ಕಳಿರೋ, ಬಾಡಿಗೆ ಮನೆ ಹಿಡಿದಿರೋ ಮನುಷ್ಯ. ಹುಡುಗನ ಮೊದಲ ದಿನದ ಫೋಟೋ ಎಲ್ಲಾ ಕಡೆ ಬರತ್ತೆ, ಇವನು ಬ್ಯಾಗ್ ತುಂಬ್ಕೊಂಡು ಹಿಂದಿನ ಬಾಗಿಲಿಂದ ಹೋಗಿರ್ತಾನೆ, ಅವನ ಹೆಸರು ಸುದ್ದಿಯ ಕೊನೇ ಸಾಲಲ್ಲಿ ಇರತ್ತೆ. ನಾನು ಯಾವಾಗ್ಲೂ ಮೊದಲು ಆ ಕೊನೇ ಸಾಲನ್ನೇ ಓದೋದು.

ದುಡ್ಡಿನ ವ್ಯತ್ಯಾಸ ಎಷ್ಟು ಅಂತ ಗೊತ್ತಾದ್ರೆ ಈ ಸಂಕಟ ಅರ್ಥ ಆಗತ್ತೆ. 2023ರ ಲೆಕ್ಕ ಹೇಳ್ತೀನಿ. ಆ ವರ್ಷ ಮೈನರ್ ಲೀಗಿನವರಿಗೂ ಮೊದಲ ಸಲ ಯೂನಿಯನ್ ಒಪ್ಪಂದ ಆಗಿ ಟ್ರಿಪಲ್-ಎ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಆಯ್ತು, ಅದಕ್ಕೂ ಮುಂಚೆ ಇನ್ನೂ ದರಿದ್ರ. ಮೇಜರ್ ಲೀಗಲ್ಲಿ ಅದೇ ವರ್ಷ ಕನಿಷ್ಠ 7 ಲಕ್ಷ 20 ಸಾವಿರ, ದಿನದ ಲೆಕ್ಕದಲ್ಲಿ ಕೊಡ್ತಾರೆ. ಹತ್ತು ದಿನ ಮೇಲೆ ಇದ್ರೆ ಸಾಕು, ಕೆಳಗಿನ ಇಡೀ ವರ್ಷದ ಸಂಬಳ ದಾಟತ್ತೆ. 43 ದಿನ ಇದ್ರೆ ಪೆನ್ಷನ್ ಹಕ್ಕು ಬರತ್ತೆ. ಬ್ರಯಂಟ್ ಥರ ಸೈನಿಂಗ್ ಬೋನಸ್ ಸಿಕ್ಕಿರೋರು ಕೈಬೆರಳೆಣಿಕೆ, ಉಳಿದವರಿಗೆ ಆ ಫೋನ್ ಕಾಲ್ ಬರೋದೂ ಬರದೇ ಇರೋದೂ ಸಾಲ ತೀರೋ ತೀರದ ವಿಷಯ.

ಹಾಗಾಗಿ ಮಗನಿಗೆ ಹೀಗೆ ಹೇಳಿ. ಏಪ್ರಿಲ್ ಮೊದಲೆರಡು ವಾರ ಕಾಯಿಸಿದ್ರು ಅಂದ್ರೆ ಕ್ಯಾಲೆಂಡರ್ ಮೇಲೆ ಅನುಮಾನ ಪಡು. ಮೇ ಕೊನೆ, ಜೂನ್ ತನಕ ಅಂದ್ರೂ ಒಂದು ಲೆಕ್ಕ ಇದೆ, ಎರಡು ಮೂರು ವರ್ಷದ ನಡುವೆ ಸರ್ವಿಸ್ ಇರೋರಲ್ಲಿ ಮೇಲಿನ 22 ಪರ್ಸೆಂಟ್ ಜನಕ್ಕೆ ಒಂದು ವರ್ಷ ಮುಂಚೆನೇ ಆರ್ಬಿಟ್ರೇಷನ್ ಸಿಗತ್ತೆ, ಅದನ್ನ ತಪ್ಪಿಸೋಕೆ ಕೆಲವರು ಅಲ್ಲಿ ತನಕ ಎಳೀತಾರೆ. ಆಗಸ್ಟ್ ಮಧ್ಯದ ಮೇಲೆ ಕರೆದ್ರೆ ಮುಂದಿನ ವರ್ಷಾನೂ ಅವನನ್ನ ರೂಕಿ ಅಂತಾನೇ ಉಳಿಸ್ಕೊಳ್ಳೋ ಯೋಚನೆ ಇರಬಹುದು, 45 ದಿನ ದಾಟಿದ್ರೆ ರೂಕಿ ಪಟ್ಟ ಹೋಗತ್ತೆ. ಸೆಪ್ಟೆಂಬರಲ್ಲಿ ಟೀಮ್ 26ರಿಂದ 28 ಆಗತ್ತೆ, ಆಗ ಇಬ್ಬರಿಗೆ ಜಾಗ. 2024ರ ಸೆಪ್ಟೆಂಬರ್ 12ಕ್ಕೆ ಕುಮಾರ್ ರಾಕರ್ ಟೆಕ್ಸಸ್‌ಗೆ ಮೊದಲ ಮ್ಯಾಚ್ ಆಡಿ ನಾಲ್ಕು ಇನ್ನಿಂಗ್ಸಲ್ಲಿ ಏಳು ಜನರನ್ನ ಸ್ಟ್ರೈಕ್ ಔಟ್ ಮಾಡಿದ್ದು ಇಂಥ ಸೆಪ್ಟೆಂಬರಲ್ಲೇ. ಅಮ್ಮನ ಕಡೆಯಿಂದ ಭಾರತೀಯ ಮೂಲದ ಹುಡುಗ ಅವನು, ಹೆಸರು ನೋಡಿ ನಿಮ್ಮ ಮಗ ಆಗ್ಲೇ ಕೇಳಿರ್ತಾನೆ. ಮೇ ಮಧ್ಯದಲ್ಲೋ ಜುಲೈಯಲ್ಲೋ ಸುಮ್ನೆ ಒಂದು ದಿನ ಕರೆದ್ರೆ, ಹೆಚ್ಚಾಗಿ ಯಾರಿಗೋ ಮಂಡಿ ನೋವು.

ನಿಮ್ಮ ರಾಜ್ಯದ್ದೇ ಒಂದು ಹಳೇ ಕಥೆ ಇದೆ, ಅದನ್ನ ರಾತ್ರಿ ಮಲಗೋವಾಗ ಹೇಳಬಹುದು. 1951ರ ಮೇ ತಿಂಗಳು. ಜೈಂಟ್ಸ್‌ನ (ಆಗ ಅವರು ನ್ಯೂಯಾರ್ಕಲ್ಲಿದ್ರು) ಕೆಳಗಿನ ಮಿನಿಯಾಪೊಲಿಸ್ ಟೀಮಲ್ಲಿ ವಿಲ್ಲಿ ಮೇಸ್ ಅಂತ 20 ವರ್ಷದ ಹುಡುಗ .477 ಹೊಡೀತಿದ್ದ, ಅಂದ್ರೆ ಎರಡು ಸಲ ಬ್ಯಾಟ್ ಹಿಡಿದ್ರೆ ಹತ್ತಿರತ್ತಿರ ಒಂದು ಸಲ ಹಿಟ್. ಟೀಮ್ ಅಯೋವಾದ ಸೂ ಸಿಟಿಗೆ ಬಂದಿತ್ತು, ಹುಡುಗ ಸಿನಿಮಾ ನೋಡೋಕೆ ಥಿಯೇಟರಿಗೆ ಹೋಗಿದ್ದ, ಅಲ್ಲಿಂದಾನೇ ಅವನನ್ನ ಕರೆಸಿ ನ್ಯೂಯಾರ್ಕ್ ಜೈಂಟ್ಸ್ ನಿನ್ನನ್ನ ಬಾ ಅಂತಿದಾರೆ ಅಂದ್ರು. ಅವನು ಫೋನಲ್ಲಿ ಮ್ಯಾನೇಜರ್ ಲಿಯೋ ಡ್ಯೂರೋಷರ್‌ಗೆ ನಾನಿನ್ನೂ ರೆಡಿ ಇಲ್ಲ ಅಂದ. ನಿನ್ನ ಆವರೇಜ್ ಎಷ್ಟು ಅಂತ ಕೇಳಿದ್ರು. ಹೇಳಿದ. ಅಲ್ಲಿಗೆ ಮಾತು ಮುಗೀತು. ಮಿನಿಯಾಪೊಲಿಸ್ ಜನಕ್ಕೆ ಎಷ್ಟು ಬೇಜಾರಾಗಿತ್ತು ಅಂದ್ರೆ ಜೈಂಟ್ಸ್ ಮಾಲೀಕರು ನಿಮ್ಮ ಹುಡುಗನನ್ನ ಕರ್ಕೊಂಡು ಹೋಗ್ತಿದೀವಿ ಕ್ಷಮಿಸಿ ಅನ್ನೋ ಅರ್ಥದಲ್ಲಿ ಅಲ್ಲಿನ ಪೇಪರಲ್ಲಿ ಜಾಹೀರಾತು ಹಾಕ್ಸಿದ್ರು. ಹೋದ ಹುಡುಗ ಮೊದಲ 12 ಸಲ ಏನೂ ಹೊಡೀಲಿಲ್ಲ, ಹದಿಮೂರನೇದು ವಾರನ್ ಸ್ಪಾನ್ ಅನ್ನೋ ಘಟಾನುಘಟಿ ಪಿಚರ್‌ಗೆ ಹೋಮ್ ರನ್.

ಮಿನಿಯಾಪೊಲಿಸ್ ಜನರ ಆ ಬೇಜಾರು ನಿಮ್ಮ ಮನೆಗೂ ಒಂದಿನ ಬರತ್ತೆ ಮೇಡಂ, ರೆಡಿ ಇರಿ. ಮಗ ಈಗ ಯಾಕೆ ಕರೀತಿಲ್ಲ ಅಂತ ಕೇಳ್ತಾನೆ, ಕರೆದ ದಿನ ಇನ್ಮೇಲೆ ಇಲ್ಲಿ ಬರಲ್ವಾ ಅಂತ ಮುಖ ಸಣ್ಣ ಮಾಡ್ಕೋತಾನೆ. ಶಿಕಾಗೋ ಐದು ಗಂಟೆ ಡ್ರೈವು, ಬೇಸಿಗೆಯಲ್ಲಿ ಒಂದು ವೀಕೆಂಡ್ ಬಂದುಬಿಡಿ.

ಅಲ್ಲಿ ತನಕ ಒಂದು ಕೆಲಸ ಕೊಡಿ ಅವನಿಗೆ. ಹೋಮ್ ರನ್ ಬಿಟ್ಟು ಡಗೌಟ್, ಅಂದ್ರೆ ಆಟಗಾರರು ಕೂರೋ ಜಾಗ, ಅದರ ಕಡೆ ಕಣ್ಣಿಡಕ್ಕೆ ಹೇಳಿ. ಕಾಲ್ ಮ್ಯಾಚ್ ಮಧ್ಯೆ ಬಂತು ಅಂದ್ರೆ, ಗಾಯ ಆಗ್ಬಾರ್ದು ಅಂತ ಆ ಹುಡುಗನನ್ನ ಐದನೇ ಆರನೇ ಇನ್ನಿಂಗ್ಸಲ್ಲೇ ಆಟದಿಂದ ತೆಗೆದುಬಿಡ್ತಾರೆ, ಕಾರಣ ಯಾರಿಗೂ ಹೇಳಲ್ಲ. ಕುಂಟ್ತಾ ಇರಲ್ಲ, ಟ್ರೇನರ್ ಓಡಿ ಬರಲ್ಲ, ಸುಮ್ನೆ ಅವನ ಜಾಗಕ್ಕೆ ಬೇರೆಯವನು ಬರ್ತಾನೆ. ಆಗ ಡಗೌಟಲ್ಲಿ ಒಬ್ಬೊಬ್ರೇ ಎದ್ದು ಬಂದು ಅವನನ್ನ ತಬ್ಬಿಕೊಳ್ಳೋಕೆ ಶುರು ಮಾಡಿದ್ರೆ, ಪಕ್ಕದ ಸೀಟಿನವ್ರಿಗೆ ಗೊತ್ತಾಗೋಕೆ ಮುಂಚೆ ನಿಮ್ಮ ಮಗನಿಗೆ ಗೊತ್ತಾಗಿರತ್ತೆ.